ಸುಂದ್ರವ್ವ ಸೀರೆ ಉಟ್ಟ ವರ್ಷ

ಮೂಡಲಗಿಯ ಪೇಟೆಯಲ್ಲಿ ಎಮ್ಮೆ ಕಟ್ಟಿದವರಿಗಾಗಿ ಹತ್ತಿಕಾಳು ಮಾರುವ ಅಂಗಡಿಯೊಂದಿದೆ. ಸಾಲೆಯಿಂದ ಮನೆಗೆ ಹೋಗುವಾಗ ನಾನು ಅದನ್ನು ತಪ್ಪಿಸಿ ಹಿಂದಿನ ಓಣಿಯಿಂದ ಸುತ್ತು ಹಾಕಿಕೊಂಡು ಹೋಗುತ್ತೇನೆ. ಮೊನ್ನೆ ಮಳೆ ಬಂದು ಆ ಓಣಿ ಕೆಸರಾಗಿತ್ತು, ಅಂಗಡಿಯ ಮುಂದಿನಿಂದಲೇ ಬರಬೇಕಾಯಿತು. ಆಗ ತಾನೇ ಚೀಲ ಬಿಚ್ಚಿ ಸುರುವಿದ್ದರು. ಎಣ್ಣೆ ಮೆತ್ತಿದಂಥ ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲೇ ನಿಂತೆ. ಅಂಗಡಿಯವನು ‘ಎಷ್ಟು ಬೇಕ್ರಿ ಅಕ್ಕೋರ’ ಎಂದು ಕೇಳಿದ. ನನ್ನ ಮನೆಯಲ್ಲಿ ಎಮ್ಮೆಯೂ ಇಲ್ಲ, ಕರುವೂ ಇಲ್ಲ.

ಅವತ್ತೇ ಮಧ್ಯಾಹ್ನ ಸಾಲೆಯ ತಪಾಸಣೆಗೆ ಸಾಹೇಬರೊಬ್ಬರು ಬಂದಿದ್ದರು. ಸ್ವರಾಜ್ಯ ಬಂದ ಮೇಲೆ ನೇಮಕವಾದ ಎಳೆಯ ಮನುಷ್ಯ, ಇಸ್ತ್ರಿ ಮಾಡಿದ ಟೊಪ್ಪಿಗೆ. ಬಡವರ ಓಣಿಯ ಮಕ್ಕಳು ಮೀಸೆ ಮೂಡುವ, ಸೀರೆ ಉಡುವ ವಯಸ್ಸಿಗೆ ಸರಿಯಾಗಿ ಸಾಲೆ ಬಿಡುತ್ತಾರಲ್ಲ, ಯಾಕೆ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಉತ್ತರವನ್ನೂ ಅವರೇ ಕೊಟ್ಟರು. ‘ತಂದಿತಾಯಿಗೆ ವಿದ್ಯಾದ ಬೆಲಿ ಗೊತ್ತಿಲ್ಲ ನೋಡ್ರಿ, ಅದ ಮುಖ್ಯ ಕಾರಣ.’ ನಾನು ಹಾಜರಿ ಪುಸ್ತಕ ತೆಗೆದು ಅವರ ಮುಂದಿಟ್ಟೆ. ನನ್ನ ಮೂಗಿನ ತುದಿಯ ಸಿಟ್ಟನ್ನು ಬಲ್ಲ ಸಹಶಿಕ್ಷಕಿಯರು ಮುಖ ಮುಖ ನೋಡಿಕೊಂಡರು. ಹೇಳಬೇಕಾದದ್ದು ಒಂದು ಮಾತಿನಲ್ಲಿ ಹೇಳುವಂಥದಾಗಿರಲಿಲ್ಲ. ಅದು ಗೋಕಾಕದ ಒಂದು ಇಡೀ ವರ್ಷ.

ನನ್ನ ತವರು ಹುಕ್ಕೇರಿ ಕಡೆಯ ಕಣಗಲಾ. ಜೈನ ಒಕ್ಕಲು ಮನೆ, ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಲಗ್ನವಾಗಿ ಸಂಸಾರವೆಂದರೆ ಏನೆಂದು ತಿಳಿಯುವ ಮೊದಲೇ ಗಂಡ ತೀರಿಕೊಂಡ. ತಲೆಯ ಮೇಲೆ ಸೆರಗು ಹೊದ್ದು ಅಡಿಗೆ ಮನೆಯಲ್ಲಿ ಕೂರಬೇಕಾಗಿದ್ದ ನನ್ನನ್ನು, ಬಂಧುಬಳಗದವರ ಮಾತಿಗೆ ಕಿವಿಗೊಡದೆ, ಅಪ್ಪ ಧಾರವಾಡಕ್ಕೆ ಕಳಿಸಿ ಶಿಕ್ಷಕಿಯ ತರಬೇತಿ ಕೊಡಿಸಿದ. ಮೊದಲ ನೇಮಕ ಗೋಕಾಕದ ಹೆಣ್ಣುಮಕ್ಕಳ ಸಾಲೆಗೆ. ಮೂರು ಖೋಲಿಯ ಹಂಚಿನ ಕಟ್ಟಡ. ನನಗೆ ಕೊಟ್ಟ ಕುರ್ಚಿಯ ಒಂದು ಕಾಲು ಮುರಿದಿತ್ತು, ಅದಕ್ಕೆ ಇಟ್ಟಿಗೆ ಕೊಟ್ಟಿದ್ದರು. ಸಾಲೆಯ ಎಡಕ್ಕೆ ಹತ್ತಿಯಿಂದ ಕಾಳು ಬಿಡಿಸುವ ಕಾರಖಾನೆ, ಊರವರ ಬಾಯಲ್ಲಿ ‘ಜಿನ್ನ’. ಬಲಕ್ಕೆ ಆ ಜಿನ್ನಿನಲ್ಲಿ ದುಡಿಯುವವರ ಓಣಿ. ನನ್ನ ಸಾಲೆಯ ಮಕ್ಕಳು ಹೆಚ್ಚಾಗಿ ಬಲದಿಂದ ಬರುತ್ತಿದ್ದರು, ಎಡಕ್ಕೆ ಹೋಗುತ್ತಿದ್ದರು. ನಡುವೆ ನಾನಿದ್ದೆ.

ಮಳೆಗಾಲದಲ್ಲಿ ಜಿನ್ನಿಗೆ ಬೀಗ. ಆಗ ಸಾಲೆ ತುಂಬಿ ತುಳುಕುತ್ತಿತ್ತು. ಮಳೆ ನೀರು ಹಂಚಿನ ಸಂದಿಯಿಂದ ಒಳಗಿಳಿದರೆ ಮಕ್ಕಳು ಪಾಟಿಗಳನ್ನು ತಲೆಯ ಮೇಲೆ ಹಿಡಿದುಕೊಂಡು ಮಗ್ಗಿ ಹೇಳುತ್ತಿದ್ದರು. ಆ ಮಳೆಗಾಲದಲ್ಲಿಯೇ ನಾನು ಸುಂದ್ರವ್ವನನ್ನು ಕಂಡದ್ದು. ಹದಿಮೂರರ ಹುಡುಗಿ, ಏಳನೆಯ ಇಯತ್ತೆ. ಸಣ್ಣ ಮೈಕಟ್ಟು, ಮೊಣಕಾಲ ಕೆಳಗೆ ತೇಪೆ ಹಾಕಿದ ನೀಲಿ ಲಂಗ, ನಮ್ಮ ಕಡೆಯ ಮಾತಿನಲ್ಲಿ ಪರಕಾರ, ಎರಡು ಜಡೆ. ಧ್ವನಿ ಮಾತ್ರ ಮೈಗಿಂತ ದೊಡ್ಡದು, ತಿಳಿಯಾದದ್ದು. ಆಕೆ ಪಾಠ ಓದಿದರೆ ಪಕ್ಕದ ಖೋಲಿಯ ಮಕ್ಕಳೂ ಗದ್ದಲ ನಿಲ್ಲಿಸುತ್ತಿದ್ದರು.

ಇಬ್ಬರು ಶಿಕ್ಷಕಿಯರು, ಏಳು ಇಯತ್ತೆ. ಹೀಗಾಗಿ ನಾನು ಮೇಲಿನ ತರಗತಿಯಲ್ಲಿರುವಾಗ ಸಣ್ಣ ಮಕ್ಕಳನ್ನು ಸುಂದ್ರವ್ವನ ಕೈಗೆ ಒಪ್ಪಿಸುತ್ತಿದ್ದೆ. ನಾನು ಗದರಿದರೆ ಅಳುತ್ತಿದ್ದ, ಬೆತ್ತ ತೋರಿಸಿದರೆ ಮೂಲೆಗೆ ಓಡುತ್ತಿದ್ದ ಆ ಮಕ್ಕಳು ಆಕೆ ಬಾಗಿಲಲ್ಲಿ ನಿಂತು ‘ಕುಂಡರ್ರವಾ, ಕುಂಡರ್ರಿ’ ಎಂದರೆ ಸಾಕು, ಕೈಕಟ್ಟಿ ಕೂತುಬಿಡುತ್ತಿದ್ದವು. ಅದೇನು ಮಂತ್ರವೋ ನನಗೆ ಇಂದಿಗೂ ಸಿದ್ಧಿಸಿಲ್ಲ. ಒಂದು ದಿನ ಆಕೆ ನನ್ನ ಕುರ್ಚಿಯ ಬೆನ್ನು ಒರೆಸುತ್ತ ಕೇಳಿದಳು:

‘ಅಕ್ಕೋರ, ಮುಲ್ಕಿ ಪಾಸಾದ್ರ ನನಗೂ ಕುರ್ಚಿ ಕೊಡ್ತಾರೇನ್ರಿ?’

‘ಕೊಡ್ತಾರ. ಕಾಲ ಮುರದದ್ದ ಕೊಡ್ತಾರ. ಇಟ್ಟಿಗಿ ನೀನ ಹುಡಿಕ್ಕೋಬೇಕು.’

‘ಇಟ್ಟಿಗಿ ನಮ್ಮ ಓಣ್ಯಾಗ ಬೇಕಾದಷ್ಟ ಅದಾವ್ರಿ’ ಎಂದು ನಕ್ಕಳು.

ಏಳನೆಯ ಇಯತ್ತೆಯ ಕೊನೆಯ ಪರೀಕ್ಷೆಯನ್ನು ಆಗ ಮುಲ್ಕಿ ಎನ್ನುತ್ತಿದ್ದರು. ಅದು ಪಾಸಾದರೆ ಸಾಲೆಯಲ್ಲಿ ಕಲಿಸುವ ಕೆಲಸಕ್ಕೆ ದಾರಿ ತೆರೆಯುತ್ತಿತ್ತು. ಆ ಓಣಿಯಿಂದ ಒಬ್ಬ ಹುಡುಗಿಯೂ ಅಲ್ಲಿಯವರೆಗೆ ಮುಲ್ಕಿಗೆ ಕೂತಿರಲಿಲ್ಲ. ಈ ಹುಡುಗಿಯನ್ನು ಕೂರಿಸಿಯೇ ತೀರುತ್ತೇನೆ ಎಂದು ನಾನು ಹಟ ಹಿಡಿದೆ. ನನ್ನ ಬದುಕಿನಲ್ಲಿ ಹಟ ಹಿಡಿಯಲು ಬೇರೆ ಏನಿತ್ತು?

ಸಂಕ್ರಾಂತಿ ಮುಗಿಯಿತು. ಕರಿನೆಲದ ಹತ್ತಿ ಬಿಡಿಸುವುದು ಸುರುವಾಗಿ ಗಾಡಿಗಳ ಸಾಲು ಊರೊಳಗೆ ಬಂತು. ಒಂದು ಬೆಳಿಗ್ಗೆ, ಕೆಲಸಕ್ಕೆ ಕರೆಯುವ ಜಿನ್ನಿನ ಸಿಳ್ಳು, ಭೋಂಗಾ, ಕೂಗಿತು. ಅವತ್ತು ಹಾಜರಿ ಕರೆಯುವಾಗ ಅರ್ಧ ಖೋಲಿ ಖಾಲಿ. ನಾನು ಹೊಸಬಳು, ಊರಿಗೆ ಏನೋ ಜಡ್ಡು ಬಂದಿದೆ ಎಂದುಕೊಂಡೆ. ಹಳೆಯ ಶಿಕ್ಷಕಿ ‘ಇನ್ನ ಹತ್ತಿ ಮುಗಿಯೂತನಕಾ ಹಿಂಗ’ ಎಂದು ಹೇಳಿ ತಮ್ಮ ಪಾಡಿಗೆ ಮಗ್ಗಿ ಹೇಳಿಸತೊಡಗಿದರು.

ಹತ್ತಿಯ ಕಾಲದಲ್ಲಿ ಅರಳೆ ಎಲ್ಲಿರುತ್ತಿರಲಿಲ್ಲ! ಹಂಚಿನ ಮೇಲೆ, ತುಳಸಿಯ ಮೇಲೆ, ಕುಡಿಯುವ ಮಜ್ಜಿಗೆಯಲ್ಲಿ. ಸಾಲೆಗೆ ಬಂದ ಮಕ್ಕಳ ಜಡೆ ನೋಡಿದರೆ ಸಾಕು, ಬೆಳಿಗ್ಗೆ ಜಿನ್ನಿಗೆ ಹೋಗಿ ಬಂದವಳು ಯಾರು, ಮನೆಯಿಂದ ನೇರ ಬಂದವಳು ಯಾರು ಎಂದು ತಿಳಿಯುತ್ತಿತ್ತು. ಬಿಸಿಲು ದಿನದಿಂದ ದಿನಕ್ಕೆ ಏರಿತು. ಊರಿನ ಬೆನ್ನಿಗಿದ್ದ ಕಲ್ಲುಗುಡ್ಡ ಕಾದು ಸಂಜೆಯವರೆಗೂ ಬಿಸಿಯುಸಿರು ಬಿಡುತ್ತಿತ್ತು. ಆ ಗಾಳಿಯಲ್ಲಿ ಹತ್ತಿಕಾಳಿನ ವಾಸನೆ ಸದಾ ಇರುತ್ತಿತ್ತು.

ಸುಂದ್ರವ್ವನ ತಾಯಿ ಕಲ್ಲವ್ವ ಜಿನ್ನಿನಲ್ಲಿ ಮಷೀನಿಗೆ ಹತ್ತಿ ಉಣಿಸುವ ಕೆಲಸದವಳು. ಅಂಕಲಗಿ ಕಡೆಯ ಒಕ್ಕಲು ಮನೆಯ ಹೆಣ್ಣು. ಗಂಡ ಸೊಲ್ಲಾಪುರದ ಗಿರಣಿಗೆಂದು ಹೋದವನು ಯಾವಾಗಲೋ ಒಮ್ಮೆ ಬರುತ್ತಿದ್ದ, ಆಮೇಲೆ ಅದೂ ನಿಂತಿತ್ತು. ಸುಂದ್ರವ್ವನ ಕೆಳಗೆ ನಾಗವ್ವ ಎಂಬ ಪುಟ್ಟ ಮಗಳು. ಕಲ್ಲವ್ವನ ಮಷೀನು ಜಿನ್ನಿನ ಬಾಗಿಲ ಹತ್ತಿರದ್ದು, ಗಾಳಿ ಆಡುವ ಜಾಗ. ಒಳಗಿನ ಸಾಲಿನಲ್ಲಿ ನಿಂತವರು ಅರಳೆಯನ್ನೇ ಉಸಿರಾಡಬೇಕು. ಆ ಬಾಗಿಲ ಜಾಗಕ್ಕೆ ಇಡೀ ಓಣಿಯ ಕಣ್ಣು.

ಅಲ್ಲಿ ಒಂದು ರೂಢಿಯಿತ್ತು. ಮಷೀನಿನ ಮುಂದಿನ ಮಣೆಯಗಲ ನೆಲ ಆಯಾ ಮನೆಯದು. ಅವ್ವ ಬರದಿದ್ದರೆ ಮಗಳು ನಿಲ್ಲಬೇಕು, ಮಗಳು ಇಲ್ಲದಿದ್ದರೆ ತಂಗಿ. ಭೋಂಗಾ ಕೂಗಿ ಮಷೀನು ಸುರುವಾಗುವಾಗ ಮನೆಯವರು ಯಾರೂ ನಿಂತಿರದಿದ್ದರೆ ಆ ಜಾಗ ಬಾಗಿಲಲ್ಲಿ ಕಾದವಳ ಪಾಲು. ಈ ಸಲಕ್ಕಷ್ಟೇ ಅಲ್ಲ, ಮುಂದಿನ ಹತ್ತಿಗೂ. ಇದನ್ನು ‘ಜಾಗಾ ಹಿಡಿಯೂದು’ ಎನ್ನುತ್ತಿದ್ದರು.

ಮಾಘದಲ್ಲಿ ಕಲ್ಲವ್ವನಿಗೆ ಜ್ವರ ಹತ್ತಿತು, ಕೆಮ್ಮು ಬಿಡಲಿಲ್ಲ. ಎದೆಯಲ್ಲಿ ಅರಳೆ ಕೂತಿದೆ ಎಂದರು. ಸುಂದ್ರವ್ವ ಎರಡು ದಿನ ಸಾಲೆಗೆ ಬರದಿದ್ದಾಗ ನಾನೇ ಓಣಿಗೆ ಹೋದೆ. ಕಲ್ಲವ್ವ ಗೋಡೆಗೆ ಒರಗಿ ಕೂತಿದ್ದಳು. ಎದ್ದು ನಿಲ್ಲಲು ಹೋದವಳನ್ನು ನಾನೇ ಕೂರಿಸಿದೆ.

‘ಪರೀಕ್ಷೆ ಹತ್ತಿರ ಬಂತು ಕಲ್ಲವ್ವ. ಈಗ ಆಕೀನ್ನ ಬಿಡಿಸಿದ್ರ ಹೆಂಗ?’

‘ಬಿಡಸೂದಿಲ್ರಿ ಅಕ್ಕೋರ. ನಾ ಏಳೂತನಕಾ ಜಾಗಾ ಹಿಡೀಲಿ ಅಂತ ಅಷ್ಟ’ ಎಂದಳು. ಕೆಮ್ಮು ಬಂದು ನಿಂತ ಮೇಲೆ ಮೆಲ್ಲಗೆ ಹೇಳಿದಳು, ‘ಸಾಲಿ ಎಲ್ಲಿ ಹೋಗತೈತ್ರಿ? ಅಲ್ಲೇ ಇರತೈತಿ. ಜಾಗಾ ಹೋತಂದ್ರ ಮತ್ತ ಸಿಗೂದಿಲ್ಲ.’

ವಿದ್ಯೆಯ ಬೆಲೆ ಗೊತ್ತಿಲ್ಲದವಳ ಮಾತಲ್ಲ ಅದು.

ಸುಮ್ಮನೆ ಮರಳಲು ಮನಸ್ಸು ಬರಲಿಲ್ಲ. ಜಿನ್ನಿನ ಮುಕಾದಮ ದಸ್ತಗೀರಸಾಬರನ್ನು ಗೇಟಿನಲ್ಲಿ ಹಿಡಿದೆ. ಕೆಲಸಗಾರರನ್ನು ಸೇರಿಸುವುದು, ತೆಗೆಯುವುದು ಅವರ ಕೈಯಲ್ಲಿತ್ತು. ಬಿಳಿ ಗಡ್ಡದ, ಮೆತ್ತನೆ ಮಾತಿನ ಮನುಷ್ಯ. ಸಣ್ಣ ಮಕ್ಕಳನ್ನು ಇಡೀ ದಿನ ದುಡಿಸಬಾರದೆಂದು ಸರಕಾರದ ಕಾಯದೆ ಇದೆಯಲ್ಲ ಎಂದು ಕೇಳಿದೆ.

‘ಐತ್ರಿ ಅಕ್ಕೋರ. ವರ್ಷಕ್ಕೊಮ್ಮಿ ಸರಕಾರಿ ಡಾಕ್ಟರ ಬರತಾರ. ಹಲ್ಲ ನೋಡತಾರ, ಎತ್ತರ ನೋಡತಾರ. ಸಣ್ಣ ಹುಡುಗೂರಿಗೆ ತಗಡಿನ ಬಿಲ್ಲಿ ಕೊಡತಾರ. ಬಿಲ್ಲಿ ಇದ್ದವರಿಗೆ ಅರ್ಧಾ ದಿನ ಕೆಲಸ. ಮುಂಜಾನೆ ನಿಂತ ಮಧ್ಯಾಹ್ನ ಹೋಗಲಿ, ಉಳದ ಹೊತ್ತಿಗೆ ಆಕಿ ಚಿಕ್ಕವ್ವ ಬರಲಿ. ಜಾಗಾ ಅವರದ ಇರತೈತಿ. ನಂದೇನ ತಕರಾರಿಲ್ಲ.’

ಸುಂದ್ರವ್ವನ ಚಿಕ್ಕವ್ವ ಅದೇ ಓಣಿಯವಳು, ಎಳೆಗೂಸಿನ ತಾಯಿ. ಮಧ್ಯಾಹ್ನದ ಪಾಳಿಗೆ ನಿಲ್ಲಲು ಒಪ್ಪಿದಳು. ಸುಂದ್ರವ್ವನಿಗೆ ಬಿಲ್ಲೆ ಸಿಕ್ಕರೆ ಆಯಿತು, ಮಧ್ಯಾಹ್ನದ ಪಾಠಕ್ಕೆ ಬರುತ್ತಾಳೆ, ಮುಲ್ಕಿಗೆ ಕೂರುತ್ತಾಳೆ. ಅವತ್ತು ನಾನು ಊರೇ ಗೆದ್ದವಳಂತೆ ಮನೆಗೆ ಹೋಗಿ, ಒಬ್ಬಳಿಗೇ ಆದರೂ ಹೆಸರುಬೇಳೆ ಪಾಯಸ ಮಾಡಿಕೊಂಡು ಉಂಡೆ.

ಅದೇ ವಾರ ಡಾಕ್ಟರರು ಬರುವ ದಿನ ನಾನು ಸಾಲೆಯಲ್ಲಿದ್ದೆ. ಮಧ್ಯಾಹ್ನ ಆಕೆ ಬಿಲ್ಲೆ ಕೊರಳಿಗೆ ಕಟ್ಟಿಕೊಂಡು ಬಂದಾಳೆಂದು ಬಾಗಿಲ ಕಡೆಗೇ ಕಣ್ಣು. ಬರಲಿಲ್ಲ. ಸಾಲೆ ಬಿಟ್ಟಿತು, ಆಗಲೂ ಇಲ್ಲ. ಬೀಗ ಹಾಕಿ ನೇರ ಓಣಿಗೆ ಹೋದೆ.

ಹೊಸ್ತಿಲ ಬಳಿ ಅಕ್ಕಿಕಾಳು ಚೆಲ್ಲಿದ್ದವು. ಅರಿಷಿಣದ ನೀರು ಆರದೆ ಉಳಿದಿತ್ತು. ಒಳಗೆ ಕಲ್ಲವ್ವ ಎಂದಿಲ್ಲದ ಕಳೆಯ ಮುಖ ಮಾಡಿಕೊಂಡು ಕೂತಿದ್ದಳು. ಆಕೆಯ ಪಕ್ಕದಲ್ಲಿ ಓಣಿಯ ಹಿರಿಯಳು ತಿಪ್ಪವ್ವ. ಮೂಲೆಯಲ್ಲಿ ಗೋಡೆಗೆ ಆನಿಕೊಂಡು, ಕೆಂಪು ಅಂಚಿನ ಇಳಕಲ್ಲ ಸೀರೆ ಉಟ್ಟ ಹೆಂಗಸೊಬ್ಬಳು ನಿಂತಿದ್ದಳು. ಹಣೆಯಲ್ಲಿ ದುಡ್ಡಿನಗಲ ಕುಂಕುಮ, ಜಡೆ ಎರಡಲ್ಲ, ಎಣ್ಣೆ ಹಚ್ಚಿ ಕಟ್ಟಿದ ತುರುಬು. ಆಕೆ ನನ್ನನ್ನು ಕಂಡು ತಲೆ ತಗ್ಗಿಸಿದ ಮೇಲೆಯೇ ನನಗೆ ಸುಂದ್ರವ್ವನ ಗುರುತು ಸಿಕ್ಕಿತು.

‘ಡಾಕ್ಟರ ಪಾಸ ಮಾಡ್ಯಾರ್ರಿ ಅಕ್ಕೋರ’ ಎಂದಳು ಕಲ್ಲವ್ವ.

ನಡೆದದ್ದು ಇಷ್ಟು. ಹಿಂದಿನ ವರ್ಷ ಓಣಿಯ ಒಂದು ಹುಡುಗಿಯನ್ನು, ತೀರ ಸಣ್ಣವಳು ಎಂದು ಡಾಕ್ಟರರು ಬಿಲ್ಲೆಯನ್ನೂ ಕೊಡದೆ ಹಿಂದಕ್ಕೆ ಕಳಿಸಿದ್ದರು. ಆ ಮನೆಯ ಜಾಗ ಹೋಗಿತ್ತು. ಸುಂದ್ರವ್ವ ಮೈಕಟ್ಟಿನಲ್ಲಿ ಅವಳಿಗಿಂತ ಬೇರೆಯಲ್ಲ. ಈಕೆಯನ್ನೂ ಹಿಂದಕ್ಕೆ ಕಳಿಸಿದರೆ ಗತಿಯೇನು ಎಂದು ಓಣಿಯ ಹೆಂಗಸರಿಗೆ ಭಯ. ಪರಕಾರ ತೆಗೆದು ಸೀರೆ ಉಡಿಸಿದರೆ ಸ್ವಲ್ಪ ದೊಡ್ಡವಳಾಗಿ ಕಾಣುತ್ತಾಳೆ ಎಂದು ತಿಪ್ಪವ್ವ ಹೇಳಿದಳು, ತನ್ನ ಪೆಟ್ಟಿಗೆಯ ಸೀರೆಯನ್ನೇ ತಂದು ಕೊಟ್ಟಳು. ಆದರೆ ಹೆಣ್ಣಿಗೆ ಮೊದಲ ಸಲ ಸೀರೆ ಉಡಿಸಿ ಬರಿಯ ಉಡಿಯಲ್ಲಿ ಹೊಸ್ತಿಲು ದಾಟಿಸುವುದುಂಟೆ? ಅದು ಅಪಶಕುನ. ಆದ್ದರಿಂದ ಮಣೆಯ ಮೇಲೆ ಕೂರಿಸಿ, ಅರಿಷಿಣ ಹಚ್ಚಿ, ಅಕ್ಕಿ ಕೊಬ್ಬರಿ ಹಾಕಿ ಉಡಿ ತುಂಬಿದರು, ಆರತಿ ಎತ್ತಿ ಹಾಡು ಹೇಳಿದರು. ಡಾಕ್ಟರರ ಕಣ್ಣಿಗೆ ಹಾಕಿದ ವೇಷಕ್ಕೆ ಶಾಸ್ತ್ರ ಬಿಡದೆ ಎಲ್ಲವನ್ನೂ ಮಾಡಿದರು. ಅಲ್ಲಿಗೆ ಅದು ವೇಷವಾಗಿ ಉಳಿಯಲಿಲ್ಲ.

ಡಾಕ್ಟರರು ಸಾಲಿನಲ್ಲಿ ನಿಂತ ಮಕ್ಕಳ ಹಲ್ಲು ನೋಡುತ್ತ ಬಂದರಂತೆ. ಕುಂಕುಮ, ತುರುಬು, ತುಂಬಿದ ಉಡಿಯ ಈ ಹೆಣ್ಣನ್ನು ಕಂಡು, ‘ಇವಳು ಮಗುವಲ್ಲ, ಇವಳಿಗೇಕೆ ಬಿಲ್ಲೆ’ ಎಂದು ಬಾಯಿ ಸಹ ತೆರೆಸದೆ ಮುಂದೆ ಹೋದರಂತೆ. ಬಿಲ್ಲೆಯಿಲ್ಲವೆಂದರೆ ಅರ್ಧ ದಿನವೂ ಇಲ್ಲ, ದೊಡ್ಡವರ ಹಾಗೆ ಇಡೀ ದಿನ.

‘ನನಗೊಂದ ಮಾತ ಹೇಳಬಾರದಿತ್ತೇನ್ರಿ?’ ಎಂದೆ.

ತಿಪ್ಪವ್ವ ಮುಖ ತಿರುಗಿಸಿದಳು. ‘ಉಡಿ ತುಂಬೂ ಹೊತ್ತರಿ ಅಕ್ಕೋರ, ಶುಭದ ಕೆಲಸ... ನಿಮ್ಮನ್ನ ಹೆಂಗ ಕರೀಬೇಕ್ರಿ’ ಎಂದು ನನ್ನ ಬಳೆಯಿಲ್ಲದ ಕೈಗಳನ್ನು ನೋಡಿದಳು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆ ನೋಟ ನನಗೆ ಹೊಸದೂ ಅಲ್ಲ. ತವರಿನ ಎಷ್ಟೋ ಲಗ್ನಗಳಲ್ಲಿ ಅಡಿಗೆ ಮನೆಯ ಕತ್ತಲಲ್ಲಿ ಕೂತು ಬಂದವಳು ನಾನು. ಆದರೆ ನಾನು ಆ ಬೆಳಿಗ್ಗೆ ಆ ಹೊಸ್ತಿಲಲ್ಲಿದ್ದರೆ ಆ ಹುಡುಗಿ ಪರಕಾರದಲ್ಲೇ ಜಿನ್ನಿಗೆ ಹೋಗುತ್ತಿದ್ದಳು.

ಮರುದಿನ ದಸ್ತಗೀರಸಾಬರ ಬಳಿಗೆ ಓಡಿದೆ. ಹುಡುಗಿಗೆ ಹದಿಮೂರೇ, ಸಾಲೆಯ ಪುಸ್ತಕದಲ್ಲಿ ಹುಟ್ಟಿದ ದಿನವಿದೆ, ತಂದು ತೋರಿಸಲೇ ಎಂದೆ. ಅವರು ಗಡ್ಡ ಸವರಿಕೊಂಡರು.

‘ತೋರಸ್ರಿ ಅಕ್ಕೋರ. ತೋರಿಸಿದ್ರ ಖರೆ ತಿಳೀತೈತಿ. ಬಿಲ್ಲಿ ಇಲ್ಲದ ಸಣ್ಣ ಹುಡುಗಿ ಜಿನ್ನಿನಾಗ ಅದಾಳ ಅಂತ ನಾಳೆನ ಆಕೀನ್ನ ಹೊರಗ ಹಾಕಬೇಕಾಗತೈತಿ. ಡಾಕ್ಟರ ಮತ್ತ ಬರೂದು ಬರೂ ವರ್ಷ. ತಾಯಿ ಹಾಸಿಗಿ ಹಿಡದಾಳ. ಜಾಗಾ ಹೋಗತೈತಿ. ನೀವ ಹೇಳ್ರಿ, ತೋರಸ್ತೀರೇನು?’

‘ದೊಡ್ಡಾಕಿ ಅಂತನ ಅರ್ಧಾ ದಿನ ಬಿಡ್ರಲಾ.’

‘ದೊಡ್ಡವರಿಗೆ ಅರ್ಧಾ ದಿನ ಇಲ್ರಿ. ಒಬ್ಬಾಕೀಗೆ ಬಿಟ್ಟರ ಎಲ್ಲಾರೂ ಕೇಳತಾರ. ಮಾಲಕರು ನನ್ನನ್ನ ಮನೀಗೆ ಕಳಸ್ತಾರ.’

ಸುಳ್ಳು ಹೇಳಿದರೆ ಹುಡುಗಿ ಸಾಲೆಗಿಲ್ಲ, ಸತ್ಯ ಹೇಳಿದರೆ ಮನೆಗೆ ಅನ್ನವಿಲ್ಲ. ನಾನು ಪುಸ್ತಕ ತೋರಿಸಲಿಲ್ಲ. ಯಾರು ತೋರಿಸುತ್ತಿದ್ದರು?

ಸುಂದ್ರವ್ವ ಬೆಳಗಿನಿಂದ ಸಂಜೆಯವರೆಗೆ ಬಾಗಿಲ ಮಷೀನಿನ ಮುಂದೆ ನಿಂತಳು. ದೀಪ ಹಚ್ಚುವ ಹೊತ್ತಿಗೆ ನಾನೇ ಅವರ ಮನೆಗೆ ಹೋಗಿ ಕಲಿಸತೊಡಗಿದೆ. ಭೂಗೋಳ ಹೇಳುತ್ತ ತಲೆಯೆತ್ತಿದರೆ ಹುಡುಗಿ ಕೂತಲ್ಲೇ ನಿದ್ದೆ ಹೋಗಿರುತ್ತಿದ್ದಳು. ಎಬ್ಬಿಸಿ ಪ್ರಶ್ನೆ ಕೇಳಿದರೆ ಗಂಟಲು ಹರಿಯುವಂತೆ ಕೂಗಿ ಉತ್ತರ ಹೇಳುತ್ತಿದ್ದಳು. ದಿನವಿಡೀ ಮಷೀನುಗಳ ಗದ್ದಲದ ನಡುವೆ ಕೂಗಿ ಮಾತಾಡಿದ ರೂಢಿ. ‘ಮೆಲ್ಲಗ ಹೇಳವಾ, ನಾ ಇಲ್ಲೇ ಅದೇನಿ’ ಎನ್ನುತ್ತಿದ್ದೆ. ಆಕೆ ನನ್ನ ತುಟಿ ನೋಡಿ ನಗುತ್ತಿದ್ದಳು. ಆ ತಿಳಿ ಧ್ವನಿ ಹೋಳಿ ಹುಣ್ಣಿಮೆಯ ಹೊತ್ತಿಗೆ ಒಡೆದುಹೋಗಿತ್ತು.

ಸಾಲೆಗೆ ಬಾ, ಅಮಾವಾಸ್ಯೆಗೆ ಜಿನ್ನಿಗೆ ಸೂಟಿ ಇರುತ್ತದಲ್ಲ, ಅವತ್ತಾದರೂ ಬಾ ಎಂದೆ. ‘ಪರಕಾರ ಹಾಕ್ಕೊಂಡ ಬರಲೇನ್ರಿ?’ ಎಂದು ಆಸೆಯಿಂದ ಕೇಳಿದಳು. ಒಳಗಿನಿಂದ ಕಲ್ಲವ್ವ ಹೇಳಿದಳು, ‘ಬ್ಯಾಡವಾ. ಉಡಿ ತುಂಬಿದ ಮ್ಯಾಲ ಮತ್ತ ಪರಕಾರ ಹಾಕಿದ್ರ ಜನಾ ಏನರೆ ಅಂತಾರ.’ ಸೀರೆಯಲ್ಲೇ ಬಾ ಎಂದೆ ನಾನು. ತನ್ನ ವಾರಿಗೆಯ ಪರಕಾರದ ಹುಡುಗಿಯರ ನಡುವೆ ಸೆರಗು ಹೊದ್ದು ಕೂರಲು ಆಕೆಗೆ ನಾಚಿಕೆ. ಅಮಾವಾಸ್ಯೆ ಬಂತು, ಹೋಯಿತು, ಆಕೆ ಬರಲಿಲ್ಲ.

ಆದರೂ ನಾನು ಪರೀಕ್ಷೆಗೆ ಆಕೆಯ ಹೆಸರು ಕಳಿಸಿದ್ದೆ. ಮುಲ್ಕಿಯ ಕೇಂದ್ರ ಆ ವರ್ಷ ಹುಕ್ಕೇರಿಗೆ ಬಿದ್ದಿತ್ತು, ಮೂರು ದಿನದ ಪರೀಕ್ಷೆ. ನನ್ನ ಚಿಕ್ಕಪ್ಪನ ಮನೆ ಅಲ್ಲಿಯೇ ಇದ್ದುದರಿಂದ ಹುಡುಗಿಯರು ಉಳಿಯುವುದಕ್ಕೆ ತೊಂದರೆಯಿರಲಿಲ್ಲ. ಇದನ್ನು ಹೇಳಲೆಂದು ಹೋದ ಸಂಜೆ ಕಲ್ಲವ್ವ ನೆಲಕ್ಕೆ ಕೈಯೂರಿ ಎದ್ದು, ಗೋಡೆ ಹಿಡಿಯದೆ ನನ್ನ ಮುಂದೆ ನಾಲ್ಕು ಹೆಜ್ಜೆ ನಡೆದು ತೋರಿಸಿದಳು.

‘ನೋಡ್ರಿ ಅಕ್ಕೋರ, ಆರಾಮ ಅದೇನಿ. ಮೂರ ದಿನ ನಾ ನಿಂದರತೇನಿ. ಕರಕೊಂಡ ಹೋಗ್ರಿ ಆಕೀನ್ನ.’

ತಿಪ್ಪವ್ವ ಏನೋ ಹೇಳಹೋದಳು. ಸೀರೆ ಉಟ್ಟ ಹುಡುಗಿ ಪರವೂರಲ್ಲಿ ರಾತ್ರಿ ಕಳೆಯುವುದೆಂದರೆ ಎಂದು ಸುರು ಮಾಡಿದಳು. ಕಲ್ಲವ್ವ ಅವಳ ಕಡೆ ತಿರುಗಿಯೂ ನೋಡದೆ, ‘ನನ್ನ ಮಗಳು, ನಾ ಕಳಸಾಕತ್ತೇನಿ’ ಎಂದಳು. ಆ ಹೆಂಗಸಿನ ಕಾಲು ಮುಟ್ಟಿ ನಮಸ್ಕಾರ ಮಾಡಬೇಕೆನ್ನಿಸಿತು ನನಗೆ. ಸುಂದ್ರವ್ವ ಒಲೆಯ ಮುಂದೆ ಕೂತವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಳುವಾಗ ಮತ್ತೆ ಮಗುವಾಗಿ ಕಂಡಳು.

ಹೊರಡುವ ಬೆಳಿಗ್ಗೆ ನಾನು ಪೇಟೆ ಕಡೆಯ ಮೂವರು ಹುಡುಗಿಯರನ್ನು ಕರೆದುಕೊಂಡು ಸರ್ವಿಸ್ ಮೋಟಾರು ನಿಲ್ಲುವಲ್ಲಿಗೆ ಬಂದೆ. ಸುಂದ್ರವ್ವ ನಮಗಿಂತ ಮೊದಲೇ ಬಂದು ನಿಂತಿದ್ದಳು. ಒಗೆದ ಸೀರೆ, ಕೈಯಲ್ಲಿ ರೊಟ್ಟಿಯ ಬುತ್ತಿ, ಮಸಿಯ ದೌತಿ. ಆ ಮೂವರು ಮೊದಲು ಸ್ವಲ್ಪ ಬಿಗಿಯಾಗಿದ್ದರು, ಆಮೇಲೆ ‘ಇಲ್ಲಿ ಬಾರ ಸುಂದ್ರಿ’ ಎಂದು ಸರಿದು ಜಾಗ ಮಾಡಿದರು. ಆಕೆ ಕಿಟಕಿಯ ಬದಿಗೆ ಕೂತಳು. ಗುಡ್ಡದ ಹಿಂದೆ ಬೆಳಕು ಬರುತ್ತಿತ್ತು, ತಂಪು ಗಾಳಿ. ‘ಅಕ್ಕೋರ, ನನಗ ಭಿನ್ನರಾಶಿ ಎಲ್ಲಾ ನೆನಪ ಅದಾವ್ರಿ’ ಎಂದಳು, ತುಸು ಜೋರಾಗಿಯೇ.

ಜಿನ್ನಿನ ಭೋಂಗಾ ಕೂಗಿತು. ಮೋಟಾರಿನವನು ಹ್ಯಾಂಡಲು ತಿರುಗಿಸಿ ಇಂಜಿನ್ನು ಸುರು ಮಾಡಿದ. ಆಗ ಓಣಿಯ ಕಡೆಯಿಂದ ಪುಟ್ಟ ನಾಗವ್ವ ಓಡಿ ಬಂದಳು. ಬರಿಗಾಲು, ಬಿಚ್ಚಿದ ಕೂದಲು. ಕಿಟಕಿ ಅವಳಿಗೆ ಎಟುಕಲಿಲ್ಲ, ಗಾಲಿಯ ಪಕ್ಕದಲ್ಲಿ ನಿಂತು ಮೇಲೆ ನೋಡುತ್ತ ಹೇಳಿದಳು:

‘ಅಕ್ಕಾ, ಅವ್ವ ಜಿನ್ನಿನ ಗೇಟಿನಾಗ ಬಿದ್ದಾಳ. ಬಾಯಾಗ ರಕ್ತ ಬರಾಕತ್ತೈತಿ. ಮುಕಾದಮ ಕಾಕಾ ಹೇಳಿ ಕಳಸ್ಯಾರ. ಮಷೀನ ಸುರು ಆಗೂದ್ರಾಗ ಯಾರರೆ ಬರಬೇಕಂತ, ಇಲ್ಲಾಂದ್ರ ಜಾಗಾ...’

ನಾನು ಎದ್ದು ನಿಂತೆ. ಅವತ್ತಿನ ಒಂದು ದಿನ ಚಿಕ್ಕವ್ವ ನಿಲ್ಲಲಿ, ನಾನೇ ಹೋಗಿ ಮುಕಾದಮರಿಗೆ ಹೇಳುತ್ತೇನೆ, ನೀನು ಇಳಿಯಬೇಡ ಎಂದೆ. ಚಿಕ್ಕವ್ವನೂ ಆಗಲೇ ಒಳಗಿನ ಸಾಲಿನ ಮಷೀನೊಂದನ್ನು ಹಿಡಿದಿದ್ದಳು ಎನ್ನುವುದು ನನಗೆ ಗೊತ್ತಿರಲಿಲ್ಲ. ಸುಂದ್ರವ್ವನಿಗೆ ಗೊತ್ತಿತ್ತು. ನಾನು ಹೇಳುತ್ತಿದ್ದಂತೆಯೇ ಆಕೆ ಹುಡುಗಿಯರ ಮೊಣಕಾಲು ದಾಟಿ, ಸೀರೆಯ ನೆರಿಗೆ ಎತ್ತಿ ಹಿಡಿದು ಕೆಳಗಿಳಿದಳು. ಅಳಲಿಲ್ಲ. ‘ನೀವ ನಡೀರ್ರಿ ಅಕ್ಕೋರ, ಇವರದರ ತಪ್ಪಬಾರದು’ ಎಂದು ತಂಗಿಯ ಕೈ ಹಿಡಿದು ಓಡಿದಳು. ಸೀರೆಯಲ್ಲಿ ಓಡುವುದು ಆಕೆಗೆ ಅಷ್ಟರಲ್ಲಿ ರೂಢಿಯಾಗಿತ್ತು.

ಮೋಟಾರು ಹೊರಟಿತು. ಮೂವರ ಪರೀಕ್ಷೆ ನನ್ನ ಕೈಯಲ್ಲಿತ್ತು, ನಾನು ಇಳಿಯುವಂತಿರಲಿಲ್ಲ. ಘಟಪ್ರಭೆ ದಾಟಿದ ಮೇಲೆ ನೋಡಿದರೆ ಆಕೆಯ ಬುತ್ತಿ ಸೀಟಿನ ಮೇಲೆಯೇ ಉಳಿದಿತ್ತು. ಬಿಳಿಜೋಳದ ರೊಟ್ಟಿ, ಶೇಂಗಾ ಚಟ್ನಿ. ಹುಕ್ಕೇರಿಯಲ್ಲಿ ಮೂವರೂ ‘ಉಣ್ರಿ ಅಕ್ಕೋರ’ ಎಂದರು. ನಾನು ಬುತ್ತಿಯ ಗಂಟನ್ನು ಮತ್ತೆ ಕಟ್ಟಿಟ್ಟೆ. ಅವರೂ ಮುಟ್ಟಲಿಲ್ಲ. ಮೂರನೆಯ ದಿನ ಅದನ್ನು ಚಿಕ್ಕಪ್ಪನ ಮನೆಯ ಆಕಳಿಗೆ ಹಾಕಿದೆವು.

ಕಲ್ಲವ್ವ ಸಾಯಲಿಲ್ಲ, ಏಳಲೂ ಇಲ್ಲ. ಜಿನ್ನು ಬೇಸಿಗೆಯ ಕೊನೆಯವರೆಗೆ ನಡೆಯಿತು. ಹತ್ತಿ ಮುಗಿದು ಗೇಟಿಗೆ ಬೀಗ ಬಿದ್ದಾಗ ನನಗೆ ಮತ್ತೆ ಆಸೆ ಚಿಗುರಿತು. ಇನ್ನು ಮಳೆಗಾಲ, ಭೋಂಗಾ ಇಲ್ಲ, ಮುಂದಿನ ವರ್ಷ ಪರೀಕ್ಷೆಗೆ ಕೂರಿಸಿದರಾಯಿತು. ಸಾಲೆ ಎಲ್ಲಿ ಹೋಗುತ್ತದೆ, ಅಲ್ಲೇ ಇರುತ್ತದೆ ಎಂದು ಕಲ್ಲವ್ವನ ಮಾತನ್ನೇ ನನಗೆ ನಾನು ಹೇಳಿಕೊಂಡೆ.

ಆದರೆ ಉಡಿ ತುಂಬಿದ ಸುದ್ದಿ ಅಂಕಲಗಿಯನ್ನು ಮುಟ್ಟಿತ್ತು. ಮೈನೆರೆದ ಹುಡುಗಿಗೆ ಮೊದಲ ಸೀರೆ ತರುವ ಹಕ್ಕು ಸೋದರಮಾವನದು. ನನ್ನನ್ನು ಕೇಳದೆ ಸೀರೆ ಉಡಿಸಿದಿರಿ, ಊರಲ್ಲಿ ನನ್ನ ಮಾನ ಕಳೆದಿರಿ ಎಂದು ಕಲ್ಲವ್ವನ ಅಣ್ಣ ಬಂದು ಅಂಗಳದಲ್ಲೇ ನಿಂತು ಮಾತಾಡಿದನಂತೆ. ದೊಡ್ಡವಳಾಗಿದ್ದರೆ ಮನೆಯಲ್ಲಿ ಯಾಕೆ ಇಟ್ಟುಕೊಂಡಿದ್ದೀರಿ, ನನ್ನ ಮಗನಿಗೆ ಕೊಡಿ ಎಂದನಂತೆ. ಮಗಳು ಇನ್ನೂ ದೊಡ್ಡವಳಾಗಿಲ್ಲ, ಡಾಕ್ಟರರಿಗಾಗಿ ಉಡಿಸಿದ್ದು ಎಂದು ಯಾವ ಬಾಯಿಂದ ಹೇಳುವುದು? ಆರತಿ ಎತ್ತಿ ಹಾಡು ಹೇಳಿದವರು ಓಣಿಯ ತುಂಬ ಇದ್ದರು. ಹಾಸಿಗೆಯಲ್ಲಿದ್ದ ಕಲ್ಲವ್ವ ಲಗ್ನಕ್ಕೆ ಒಪ್ಪಿದಳು.

ಮೃಗಶಿರ ಮಳೆ ಹಿಡಿದು ಸಾಲೆ ಸುರುವಾಯಿತು. ಒಂದನೆಯ ಇಯತ್ತೆಗೆ ಹೊಸ ಮಕ್ಕಳು ಬಂದಿದ್ದರು. ಪಾಟಿ ಹಿಡಿಯಲೂ ಬಾರದ, ಮೂಗು ಸೋರುವ ಮಕ್ಕಳು. ಯಾರಾದರೂ ದೊಡ್ಡವರು ಬಂದರೆ ಎದ್ದು ನಿಂತು ನಮಸ್ಕಾರ ಹೇಳಬೇಕೆಂದು ಅಷ್ಟನ್ನು ಮಾತ್ರ ನಾನು ಅವರಿಗೆ ಕಲಿಸಿದ್ದೆ. ಗೋಡೆಯ ಬದಿಗೆ ಕೂತು ಒಬ್ಬಳ ಕೈ ಹಿಡಿದು ‘ಅ’ ತಿದ್ದಿಸುತ್ತಿದ್ದಾಗ ಬಾಗಿಲು ಮಬ್ಬಾಯಿತು. ಸುಂದ್ರವ್ವ ನಿಂತಿದ್ದಳು. ಮಳೆಗೆ ಅಂಚು ನೆನೆದ ಸೀರೆ, ತಲೆಯ ಮೇಲೆ ಸೆರಗು, ಪಕ್ಕದಲ್ಲಿ ನಾಗವ್ವ. ನಾಗವ್ವನ ಮೈಮೇಲೆ ಅಕ್ಕನ ನೀಲಿ ಪರಕಾರ, ಉದ್ದವಾದದ್ದನ್ನು ಮಡಿಸಿ ಹೊಲಿದಿದ್ದರು.

ಮಕ್ಕಳು ಆಕೆಯನ್ನು ನೋಡಿದರು. ಸೀರೆ, ತುರುಬು, ಬಾಗಿಲಲ್ಲಿ ನಿಂತ ರೀತಿ. ಹೊಸ ಶಿಕ್ಷಕಿ ಬಂದರೆಂದು ತಿಳಿದು ಎಲ್ಲರೂ ಒಟ್ಟಿಗೆ ಎದ್ದು ಕೈಮುಗಿದು, ರಾಗ ಎಳೆದು ಹೇಳಿದರು: ‘ನಮಸ್ಕಾರ್ರೀ ಅಕ್ಕೋರ.’

ಸುಂದ್ರವ್ವ ತಿರುಗಿ ತನ್ನ ಹಿಂದೆ ನೋಡಿದಳು. ಹಿಂದೆ ಯಾರೂ ಇರಲಿಲ್ಲ, ಅಂಗಳದಲ್ಲಿ ಮಳೆ ಬೀಳುತ್ತಿತ್ತು. ಮತ್ತೆ ಮಕ್ಕಳ ಕಡೆ ನೋಡಿದಳು. ನಾನು ಹಿಡಿದಿದ್ದ ಪುಟ್ಟ ಕೈ ಬಿಟ್ಟು ಎದ್ದೆ. ಮಕ್ಕಳು ಕೈಮುಗಿದುಕೊಂಡೇ ನಿಂತಿದ್ದರು, ಕೂರಲು ಹೇಳುವವರಿಗಾಗಿ ಕಾಯುತ್ತಿದ್ದರು.

‘ನಾಗಿ ಹೆಸರ ಹಚ್ಕೋರ್ರಿ ಅಕ್ಕೋರ’ ಎಂದಳು ಆ ಒಡೆದ ಧ್ವನಿಯಲ್ಲಿ. ‘ನಾ ನಾಳೆ ಅಂಕಲಗಿಗೆ ಹೋಗಾಕತ್ತೇನಿ.’

ತಂಗಿಯ ಕೈಯನ್ನು ನನ್ನ ಕೈಯಲ್ಲಿಟ್ಟಳು. ಹೊರಡಲು ತಿರುಗಿದವಳು ಇನ್ನೂ ನಿಂತೇ ಇದ್ದ ಮಕ್ಕಳನ್ನು ಕಂಡು ಹೊಸ್ತಿಲ ಮೇಲೆ ಒಂದು ಕ್ಷಣ ತಡೆದಳು.

‘ಕುಂಡರ್ರವಾ’ ಎಂದಳು, ‘ಕುಂಡರ್ರಿ.’

ಮಕ್ಕಳು ಕೈಕಟ್ಟಿ ಕೂತರು. ಆಕೆ ಮೆಟ್ಟಿಲಿಳಿದು ಮಳೆಯಲ್ಲಿ ಓಣಿಯ ಕಡೆಗೆ ಹೋದಳು.